ಟ್ರಂಕಿನಲ್ಲಿದ್ದ ಜಾಝ್-ಫಂಕ್ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದಿದೆ, ಉಳಿಸಿ ಕೇಳುವುದು ಹೇಗೆ?

ಕಕ್ಕಡಮಳೆ (ಸಿದ್ದಾಪುರ)

ಟ್ರಂಕೊಂದರಲ್ಲಿ 40 ಕ್ಯಾಸೆಟ್, 12 ಎಲ್‌ಪಿ ಇವೆ. ಹೆಚ್ಚುಕಮ್ಮಿ ಎಲ್ಲವೂ ಎಪ್ಪತ್ತರ ದಶಕದ ಜಾಝ್-ಫಂಕ್ ಮತ್ತು ಫ್ಯೂಷನ್ (ಕುಣಿಸುವ ತಾಳ, ರಾಕ್ ಬೆರೆತ ಜಾಝ್): ಹರ್ಬಿ ಹ್ಯಾನ್‌ಕಾಕ್ ಅವರ ‘ಹೆಡ್ ಹಂಟರ್ಸ್’, ವೆದರ್ ರಿಪೋರ್ಟ್‌ನ ‘ಹೆವಿ ವೆದರ್’, ಬಿಲ್ಲಿ ಕಾಬಮ್ ಅವರ ‘ಸ್ಪೆಕ್ಟ್ರಮ್’, ಮಹಾವಿಷ್ಣು ಆರ್ಕೆಸ್ಟ್ರಾ, ಶಕ್ತಿ. ಮೂವತ್ತಕ್ಕೂ ಹೆಚ್ಚು ಕ್ಯಾಸೆಟ್ ಎಲ್‌ಪಿಯಿಂದ ತುಂಬಿಸಿಕೊಂಡ ಸಿ-90ಗಳು (90 ನಿಮಿಷದ ಕ್ಯಾಸೆಟ್). ಎರಡರ ಮೇಲೆ ಪೆನ್ಸಿಲಿನಲ್ಲಿ ‘ವಾಯ್ಸ್ ಆಫ್ ಅಮೆರಿಕ, 31 ಮೀಟರ್’ ಎಂದು ಬರೆದಿದೆ.

ಕ್ಯಾಸೆಟ್ ಕಿಟಕಿಯಲ್ಲಿ ನೋಡಿದರೆ ಟೇಪಿನ ಸುರುಳಿಯ ಅಂಚಿನ ಮೇಲೆ ಬಿಳಿ ಜೇಡರಬಲೆಯಂಥದ್ದು ಕಾಣುತ್ತದೆ. ಎಲ್‌ಪಿಗಳ ಮೇಲೂ ಚುಕ್ಕಿ ಚುಕ್ಕಿ. ಡೆಕ್ ಇದೆ, ಆನ್ ಆಗುತ್ತದೆ, ಆದರೆ ಚಕ್ರ ತಿರುಗುವುದಿಲ್ಲ. ಇವನ್ನು ಹದಿನೇಳು, ಹದಿನೆಂಟನೇ ವಯಸ್ಸಿನಲ್ಲಿ ಪ್ರೀತಿಯಿಂದ ಕೇಳಿದ ಹಿರಿಯರಿಗೆ ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಹೊತ್ತಿಗೆ ಮತ್ತೆ ಕೇಳಿಸಬೇಕು. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮಾಡಲೇಬಾರದು?

ಬೆಸುಗೆಕಡ್ಡಿ (ಮಡಿಕೇರಿ)

ಮಾಡಲೇಬಾರದ್ದು ಒಂದೇ: ಈಗ ಹಾಕಿ ನೋಡಬೇಡಿ. ‘ಒಂದು ಸಲ ಕೇಳಿ ನೋಡೋಣ’ ಅಂತ ಬೂಷ್ಟು ಹಿಡಿದ ಕ್ಯಾಸೆಟ್ ಹಾಕಿದರೆ ಮೂರು ಕಡೆ ಪೆಟ್ಟು ಬೀಳುತ್ತದೆ. ಅಂಚಿನಲ್ಲಿ ಅಂಟಿಕೊಂಡ ಪದರಗಳು ಎಳೆದಾಗ ಟೇಪ್ ಹರಿಯುತ್ತದೆ ಅಥವಾ ಲೇಪ ಕಿತ್ತುಬರುತ್ತದೆ. ಬೂಷ್ಟಿನ ಪುಡಿ ಡೆಕ್ಕಿನ ಹೆಡ್ (ಟೇಪ್ ಓದುವ ಭಾಗ) ಮತ್ತು ಪಿಂಚ್ ರೋಲರಿಗೆ (ಟೇಪನ್ನು ಒತ್ತಿ ಓಡಿಸುವ ರಬ್ಬರ್ ಚಕ್ರ) ಮೆತ್ತಿಕೊಂಡು ಮುಂದಿನ ಕ್ಯಾಸೆಟ್‌ಗೂ ದಾಟುತ್ತದೆ. ಮೂರನೆಯದು ನಿಮ್ಮ ಶ್ವಾಸಕೋಶ. ಎನ್-95 ಮಾಸ್ಕ್ ಹಾಕಿಕೊಳ್ಳಿ, ಕೆಲಸ ಜಗಲಿಯಲ್ಲಿ ಮಾಡಿ, ಮಲಗುವ ಕೋಣೆಯಲ್ಲಿ ಬೇಡ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಟ್ರಂಕಿನ ಹತ್ತಿರಕ್ಕೂ ಅವರನ್ನು ಬಿಡಬೇಡಿ.

ಮೊದಲ ಕೆಲಸ ಒಣಗಿಸುವುದು. ಬೂಷ್ಟು ಜೀವಂತವಾಗಿದ್ದಾಗ ಒರೆಸಿದರೆ ಅಂಟಾಗಿ ಹರಡುತ್ತದೆ, ಒಣಗಿದ ಮೇಲೆ ಪುಡಿಯಾಗಿ ಉದುರುತ್ತದೆ. ಹೀಗೆ ಮಾಡಿ:

ರಬ್ಬರ್ ಅಂಚಿನ ಮುಚ್ಚಳವಿರುವ 50 ಲೀಟರಿನ ಪ್ಲಾಸ್ಟಿಕ್ ಡಬ್ಬಿ ಒಂದು, ಸಿಲಿಕಾ ಜೆಲ್ 1 ಕಿಲೋ, ತೇವಾಂಶ ತೋರಿಸುವ ಪುಟ್ಟ ಹೈಗ್ರೋಮೀಟರ್ ಒಂದು. ಕ್ಯಾಸೆಟ್‌ಗಳನ್ನು ಡಬ್ಬದಿಂದ ಹೊರತೆಗೆದು, ಲೇಬಲ್ ಕಾಗದವನ್ನು ಬೇರೆ ಇಟ್ಟು (ಕಾಗದವೇ ಹೆಚ್ಚು ತೇವ ಹಿಡಿದಿರುತ್ತದೆ), ನಡುವೆ ಬೆರಳಷ್ಟು ಜಾಗ ಬಿಟ್ಟು ನಿಲ್ಲಿಸಿ. ಜೆಲ್ಲನ್ನು ಹತ್ತಿಬಟ್ಟೆ ಚೀಲದಲ್ಲಿ ಕಟ್ಟಿ ಇಡಿ, ಟೇಪಿಗೆ ನೇರವಾಗಿ ತಾಗಬಾರದು. ಶೇ. 40ರಿಂದ 50ರ ನಡುವೆ ಮುಳ್ಳು ನಿಂತ ಮೇಲೆ ಒಂದು ವಾರ ಹಾಗೇ ಬಿಡಿ. ಶೇ. 30ಕ್ಕಿಂತ ಕೆಳಗೆ ಇಳಿಸಬೇಡಿ. ಜೆಲ್ ತನ್ನ ತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ನೀರು ಹೀರುತ್ತದೆ. ಬಣ್ಣ ಬದಲಾದ ಮೇಲೆ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಬಣ್ಣದ ಜೆಲ್ಲಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಅಡುಗೆಯ ಬಾಣಲೆಯಲ್ಲಿ ಹುರಿಯಲೇಬೇಡಿ. ಕಿತ್ತಳೆಯಿಂದ ಹಸಿರಿಗೆ ತಿರುಗುವ ಜೆಲ್ ಕೊಂಡರೆ ಆ ಚಿಂತೆ ಇಲ್ಲ.

ಹೈಗ್ರೋಮೀಟರ್ ಸರಿ ತೋರಿಸುತ್ತದೋ ಅಂತ ಮೊದಲು ನೋಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಹಸಿ ಮರಳಿನಷ್ಟು ಮಾತ್ರ ಒದ್ದೆ ಮಾಡಿ, ಮೀಟರಿನ ಜೊತೆ ಜಿಪ್ ಚೀಲದಲ್ಲಿ 12 ಗಂಟೆ ಮುಚ್ಚಿಡಿ. ಶೇ. 75 ತೋರಿಸಬೇಕು. 70 ತೋರಿಸಿದರೆ ಮುಂದೆ ಎಲ್ಲ ಅಂಕಿಗೂ 5 ಕೂಡಿಸಿಕೊಳ್ಳಿ.

ರೊಬಸ್ಟಾ (ಪೊನ್ನಂಪೇಟೆ)

ಇಷ್ಟೆಲ್ಲ ಯಾಕೆ? ನಮ್ಮ ಕಡೆ ಬಟ್ಟೆ ಬೀರುವಿನಲ್ಲಿ ಬಲ್ಬು ಉರಿಸಿಡುವ ಪದ್ಧತಿ ಇದ್ದೇ ಇದೆ. ಕ್ಯಾಸೆಟ್‌ಗೂ ಅದೇ ಸಾಕಲ್ಲ? ತೋಟದವರ ಹತ್ತಿರ ಮಾಯಿಶ್ಚರ್ ಮೀಟರೂ ಇರುತ್ತದೆ, ಹೊಸದು ಕೊಳ್ಳುವುದೇ ಬೇಡ.

ಬೆಸುಗೆಕಡ್ಡಿ (ಮಡಿಕೇರಿ)

ಮಾಯಿಶ್ಚರ್ ಮೀಟರ್ ಕಾಫಿ ಬೀಜದೊಳಗಿನ ತೇವ ಅಳೆಯುವ ಸಾಧನ ಅಣ್ಣ, ಗಾಳಿಯದ್ದಲ್ಲ. ಇಲ್ಲಿ ನಡೆಯುವುದಿಲ್ಲ.

ಬಲ್ಬಿನ ವಿಷಯ ಮಾತ್ರ ನೀವು ಹೇಳಿದ್ದು ಸರಿ, ಅದರ ಹಿಂದೆ ಲೆಕ್ಕವೂ ಇದೆ. ಹೊರಗೆ 20 ಡಿಗ್ರಿ, ತೇವಾಂಶ ಶೇ. 90 ಇದ್ದಾಗ ಬೀರುವಿನೊಳಗೆ 25 ಡಿಗ್ರಿ ಮಾಡಿದರೆ ಅದೇ ಗಾಳಿಯ ತೇವಾಂಶ ಶೇ. 66ಕ್ಕೆ ಇಳಿಯುತ್ತದೆ. ನೀರು ಎಲ್ಲಿಗೂ ಹೋಗಿಲ್ಲ, ಬೆಚ್ಚಗಿನ ಗಾಳಿ ಹೆಚ್ಚು ನೀರು ಹಿಡಿದುಕೊಳ್ಳಬಲ್ಲದು, ಅಷ್ಟೇ. ಬೂಷ್ಟು ಜೋರಾಗಿ ಬೆಳೆಯಲು ಸುಮಾರು ಶೇ. 65ಕ್ಕಿಂತ ಮೇಲಿನ ತೇವ ಬೇಕು. ಹಾಗಾಗಿ ಬಲ್ಬಿನ ಬೀರು ಗೆರೆಯ ಮೇಲೇ ನಿಂತಿರುತ್ತದೆ. ಶುಚಿ ಮಾಡಿದ ಕ್ಯಾಸೆಟ್ ಕಾಯಲು ಅದು ಸಹಾಯಕ, ಬೂಷ್ಟು ಹಿಡಿದದ್ದನ್ನು ಒಣಗಿಸಲು ಸಾಲದು. 15 ವ್ಯಾಟಿನ ಹಳೇ ತಂತಿ ಬಲ್ಬು ಬೇಕು, ಎಲ್‌ಇಡಿ ಬಿಸಿಯಾಗುವುದಿಲ್ಲ. ಬೀರುವಿನ ತಳದಲ್ಲಿ ಹಾಕಿ, ಹತ್ತಿರದ ಕ್ಯಾಸೆಟ್ ಒಂದಡಿಯಾದರೂ ದೂರ ಇರಲಿ. ಕಕ್ಕಡದ ಮಳೆಯಲ್ಲಿ (ಜುಲೈ-ಆಗಸ್ಟ್) ಮೂರು ದಿನ ಕರೆಂಟ್ ಹೋದರೆ ಬೀರುವಿನೊಳಗೆ ಮತ್ತೆ ಹೊರಗಿನದೇ ಗಾಳಿ, ಆಗ ಕೈ ಹಿಡಿಯುವುದು ಜೆಲ್ಲು.

ಇನ್ನೆರಡು ಅಭ್ಯಾಸ ಬಿಡಬೇಕು. ಒಂದು, ಒಲೆಯ ಮೇಲಿನ ಅಟ್ಟದಲ್ಲಿ ಇಡುವುದು. ಒಣಗಿರುತ್ತದೆ ನಿಜ, ಆದರೆ ಮಸಿ ಮತ್ತು ಜಿಡ್ಡು ಟೇಪಿನ ಮೇಲೆ ಕೂತರೆ ತೆಗೆಯುವುದು ಬೂಷ್ಟಿಗಿಂತ ಕಷ್ಟ. ಎರಡು, ನುಸಿಗುಳಿಗೆ. ನ್ಯಾಫ್ತಲೀನ್ ಆವಿಗೆ ಕ್ಯಾಸೆಟ್ ಡಬ್ಬದ ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ಹಾರಂಗಿ (ಕುಶಾಲನಗರ)

ಒಣಗಿದ ಮೇಲೆ ಮುಂದಿನ ಕೆಲಸ ನಾನು ಹೇಳುತ್ತೇನೆ.

ಕ್ಯಾಸೆಟ್‌ನ ಕವಚ ಎರಡು ಬಗೆ: ಐದು ಸ್ಕ್ರೂ ಹಾಕಿದ್ದು, ಅಂಟಿಸಿ ಮುಚ್ಚಿದ್ದು. ಸ್ಕ್ರೂ ಇರುವುದನ್ನು ಬಿಚ್ಚುವಾಗ ಸ್ಕ್ರೂ ಮುಖ ಮೇಲಿರುವಂತೆ ಮೇಜಿನ ಮೇಲೆ ಮಲಗಿಸಿ ಬಿಚ್ಚಿ, ಮೇಲಿನ ಅರ್ಧವನ್ನು ನೇರ ಎತ್ತಿ. ಪಕ್ಕಕ್ಕೆ ವಾಲಿಸಿದರೆ ಸುರುಳಿ ಬಿಚ್ಚಿ 135 ಮೀಟರ್ ಟೇಪ್ ನೆಲಕ್ಕೆ ಬೀಳುತ್ತದೆ. ಎತ್ತುವ ಮೊದಲೇ ಫೋನಿನಲ್ಲಿ ಫೋಟೊ ತೆಗೆಯಲು ತಯಾರಿರಿ: ಮೂಲೆಯ ಎರಡು ಪುಟ್ಟ ರೋಲರ್, ಸುರುಳಿಯ ಮೇಲೆ ಕೆಳಗೆ ಇರುವ ಜಾರುಹಾಳೆ, ಮಧ್ಯದ ತಾಮ್ರದ ಪಟ್ಟಿಯ ಮೇಲಿನ ಫೆಲ್ಟ್ ಪ್ಯಾಡ್, ಅದರ ಹಿಂದಿನ ಲೋಹದ ತಗಡು. ಯಾವುದು ಎಲ್ಲಿತ್ತು ಅಂತ ಆಮೇಲೆ ನೆನಪಾಗುವುದಿಲ್ಲ.

ಸುರುಳಿಯ ಅಂಚಿನ ಮೇಲಿನ ಒಣ ಪುಡಿಯನ್ನು ಮೆತ್ತನೆಯ ಬಣ್ಣದ ಕುಂಚದಿಂದ ನಡುವಿನಿಂದ ಹೊರಕ್ಕೆ ಗುಡಿಸಿ. ಪಕ್ಕದಲ್ಲೇ ಹೆಪಾ ಫಿಲ್ಟರ್ (ಸಣ್ಣ ಧೂಳನ್ನೂ ಹಿಡಿಯುವ ಜಾಲರಿ) ಇರುವ ವ್ಯಾಕ್ಯೂಮ್ ಕೊಳವೆ ಹಿಡಿದಿರಿ. ಬಾಯಿಂದ ಊದಬೇಡಿ. ಎರಡೂ ಮುಖ ಆದ ಮೇಲೆ ಟೇಪನ್ನು ಹೊಸ ಸ್ಕ್ರೂ ಕವಚಕ್ಕೆ ಹಾಕಿ. ಖಾಲಿ ಕ್ಯಾಸೆಟ್ ಕೊಂಡು ಅದರ ಟೇಪ್ ತೆಗೆದರೆ ಕವಚ, ಪ್ಯಾಡ್, ಜಾರುಹಾಳೆ ಎಲ್ಲ ಹೊಸತು ಸಿಗುತ್ತದೆ. ಅಂಟಿಸಿದ ಕವಚವನ್ನು ತೆಳು ಬ್ಲೇಡಿನಿಂದ ಅಂಚಿನ ಗೆರೆಯಲ್ಲಿ ಸ್ವಲ್ಪ ಸ್ವಲ್ಪವೇ ಸೀಳಬೇಕು. ಟೇಪ್ ಕಾಣುವ ಕೆಳಬದಿಯಿಂದ ಶುರು ಮಾಡಬೇಡಿ, ಬ್ಲೇಡ್ ಒಳಗೆ ಜಾರಿದರೆ ಮುಗಿಯಿತು.

ಆಮೇಲೆ ಕೈಯಿಂದ ಒಂದು ಸಲ ಪೂರ್ತಿ ಸುತ್ತಿ. ಆರು ಮೂಲೆಯ ಪೆನ್ಸಿಲ್ ಹಲ್ಲಿಗೆ ಸರಿಯಾಗಿ ಕೂರುತ್ತದೆ. ಸುತ್ತುವಾಗ ಟೇಪ್ ಹೊರಬರುವ ಜಾಗದಲ್ಲಿ ನೂಲು ಬಿಡದ ಒಣ ಬಟ್ಟೆಯನ್ನು ಹಗುರವಾಗಿ ತಾಗಿಸಿ ಹಿಡಿದರೆ ಉಳಿದ ಪುಡಿಯೂ ಬರುತ್ತದೆ. ಎಲ್ಲಾದರೂ ಅಂಟಿಕೊಂಡಂತೆ ಅನ್ನಿಸಿದರೆ ಎಳೆಯದೆ ನಿಲ್ಲಿಸಿ, ಇನ್ನೂ ನಾಲ್ಕು ದಿನ ಜೆಲ್ ಡಬ್ಬಿಗೆ ವಾಪಸ್.

ಹರಿದ ಟೇಪಿಗೆ ಮಾಮೂಲಿ ಸೆಲ್ಲೊಟೇಪ್ ಹಾಕಬೇಡಿ. ಅದರ ಅಂಟು ಕಾಲಕ್ರಮದಲ್ಲಿ ಹೊರಗೆ ಸೋರಿ ಮುಂದಿನ ಸುತ್ತಿಗೆ ಅಂಟುತ್ತದೆ. 3.8 ಮಿಲಿಮೀಟರಿನ ಸ್ಪ್ಲೈಸಿಂಗ್ ಟೇಪ್ ಸಿಗುತ್ತದೆ. ತುದಿಗಳನ್ನು ಓರೆಯಾಗಿ, 45 ಡಿಗ್ರಿಗೆ ಕತ್ತರಿಸಿ, ಒಂದರ ಮೇಲೊಂದು ಏರದಂತೆ ತಾಗಿಸಿ, ಹೊಳೆಯುವ ಬೆನ್ನಿನ ಕಡೆ ಅಂಟಿಸಿ. ಹೆಡ್ ಮುಟ್ಟುವ ಮಂಕು ಬದಿಗೆ ಅಂಟು ತಾಗಬಾರದು.

ಕಕ್ಕಡಮಳೆ (ಸಿದ್ದಾಪುರ)

ತುಂಬ ಉಪಕಾರ. ಎರಡು ಸಂದೇಹ. ಹಳೇ ಟೇಪನ್ನು ಓವನ್ನಿನಲ್ಲಿ ಬೇಯಿಸಬೇಕು ಅಂತ ಎಲ್ಲೋ ಓದಿದ್ದು ಇದಕ್ಕೂ ಅನ್ವಯಿಸುತ್ತದೆಯೇ? ಕೈಯಿಂದ ಸುತ್ತುವಾಗ ಒಂದು ಕ್ಯಾಸೆಟ್ ಕೀರಲು ಸದ್ದು ಮಾಡುತ್ತಿದೆ, ಅದೇನು?

ಹಾರಂಗಿ (ಕುಶಾಲನಗರ)

ಬೇಯಿಸುವುದು ಬೇಡವೇ ಬೇಡ. ಅದು ಎಪ್ಪತ್ತು, ಎಂಬತ್ತರ ದಶಕದ ಕೆಲವು ಸ್ಟುಡಿಯೊ ರೀಲ್ ಟೇಪುಗಳ ಕಾಯಿಲೆಗೆ ಮದ್ದು. ಅವುಗಳ ಲೇಪದ ಅಂಟು ತೇವ ಹೀರಿ ಜಿಗುಟಾಗುತ್ತದೆ, ತಗ್ಗಿದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ತಾತ್ಕಾಲಿಕವಾಗಿ ಗಟ್ಟಿಯಾಗುತ್ತದೆ. ಕ್ಯಾಸೆಟ್‌ಗೆ ಆ ಕಾಯಿಲೆ ಅಪರೂಪ. ಬಿಸಿ ಮಾಡಿದರೆ ಕವಚವೇ ಸೊಟ್ಟಗಾಗುತ್ತದೆ.

ಕೀರಲು ಸದ್ದು ಬಹುಪಾಲು ಕವಚದ್ದು. ಜಾರುಹಾಳೆ ಸುಕ್ಕಾಗಿದೆ, ಅಥವಾ ಮೂಲೆಯ ರೋಲರ್ ತಿರುಗದೆ ಟೇಪ್ ಉಜ್ಜುತ್ತಿದೆ, ಅಥವಾ ಹಿಂದೆ ಯಾವುದೋ ಡೆಕ್ ಬಿಗಿಯಾಗಿ ಸುತ್ತಿಟ್ಟಿದೆ. ಹೊಸ ಕವಚಕ್ಕೆ ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಬೆಸುಗೆಕಡ್ಡಿ (ಮಡಿಕೇರಿ)

ಡೆಕ್ ಆನ್ ಆಗಿ ಚಕ್ರ ತಿರುಗದಿದ್ದರೆ ಹತ್ತಕ್ಕೆ ಒಂಬತ್ತು ಸಲ ಬೆಲ್ಟು. ಹಳೇ ರಬ್ಬರ್ ಡಾಂಬರಿನಂತೆ ಕರಗಿ ಪುಲ್ಲಿಗೆ ಮೆತ್ತಿರುತ್ತದೆ. ಕೈಗೆ ಅಂಟಿದರೆ ಎರಡು ದಿನ ಹೋಗದು, ಗ್ಲೌಸ್ ಹಾಕಿಕೊಳ್ಳಿ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಪುಲ್ಲಿ, ಫ್ಲೈವೀಲ್ ಎರಡನ್ನೂ ಒರೆಸಿ. ಚೂರೇ ಚೂರು ಉಳಿದರೂ ವೇಗ ತೂಗಾಡುತ್ತದೆ.

ಬೆಲ್ಟಿನ ಅಳತೆಗೆ ಹೊಲಿಗೆ ದಾರವನ್ನು ಪುಲ್ಲಿಗಳ ಸುತ್ತ ಬಿಗಿಯಾಗಿ ಹಾಯಿಸಿ ಉದ್ದ ನೋಡಿ, ಅದರಲ್ಲಿ ಶೇ. 5 ಕಳೆಯಿರಿ. 300 ಮಿಲಿಮೀಟರ್ ಬಂದರೆ 285ರ ಬೆಲ್ಟ್. ಇನ್ನೂ ಬಿಗಿಯಾದರೆ ಮೋಟರಿನ ಬುಷ್ ಸವೆಯುತ್ತದೆ, ಸಡಿಲವಾದರೆ ಪ್ಲೇ ಒತ್ತಿದ ಕೂಡಲೇ ಜಾರುತ್ತದೆ. ಫ್ಲೈವೀಲಿಗೆ ಚಪ್ಪಟೆ ಬೆಲ್ಟ್ ಇದ್ದರೆ ಚಪ್ಪಟೆಯೇ ಹಾಕಿ.

ಹೆಡ್ ಮತ್ತು ಕ್ಯಾಪ್‌ಸ್ಟನ್‌ಗೆ (ಟೇಪ್ ಎಳೆಯುವ ಲೋಹದ ಕಡ್ಡಿ) ಶೇ. 99ರ ಐಸೊಪ್ರೊಪೈಲ್. ಪಿಂಚ್ ರೋಲರ್ ರಬ್ಬರಿಗೆ ಮಾತ್ರ ಪಾತ್ರೆ ಸೋಪಿನ ಒಂದು ಹನಿ ಹಾಕಿದ ನೀರು, ಆಮೇಲೆ ಬರಿ ನೀರು. ರಬ್ಬರಿಗೆ ಪದೇ ಪದೇ ಸ್ಪಿರಿಟ್ ತಾಗಿದರೆ ಬಿರುಕು ಬಿಡುತ್ತದೆ. ಮಾಮೂಲಿಗೆ ಹತ್ತು ಗಂಟೆ ಕೇಳಿದ ಮೇಲೊಮ್ಮೆ ಸಾಕು, ನಿಮ್ಮ ಟ್ರಂಕಿಗೆ ಪ್ರತಿ ಕ್ಯಾಸೆಟ್ ಆದ ಮೇಲೂ ಒರೆಸಿ.

ಕರೆಂಟಿನ ಮಾತು ಕೊಡಗಿಗೆ ಹೇಳಲೇಬೇಕು. ತೋಟದಲ್ಲಿ ಪಂಪು ಓಡುವ ಹೊತ್ತಲ್ಲಿ ವೋಲ್ಟೇಜ್ ಬಿದ್ದರೆ ಡೆಕ್ಕಿನ ಒಳಗಿನ ರೆಗ್ಯುಲೇಟರ್ ಕೈಬಿಟ್ಟು ಗುಂಯ್ ಅನ್ನುವ ಹಮ್ ಸೇರುತ್ತದೆ, ವೇಗವೂ ಕುಗ್ಗುತ್ತದೆ. ರಿಲೇ ಸ್ಟೆಬಿಲೈಜರ್ ಹಾಕಿದರೆ ಅದರ ಟಕ್ ಟಕ್ ರೆಕಾರ್ಡಿಂಗಿಗೆ ಬೀಳುತ್ತದೆ. ಶುದ್ಧ ಸೈನ್ ವೇವ್ ಇನ್ವರ್ಟರಿನ ಮೇಲೆ ಓಡಿಸುವುದು ಒಳ್ಳೆಯದು. ಚೌಕ ಅಲೆಯ ಅಗ್ಗದ ಇನ್ವರ್ಟರ್ ಜೇನ್ನೊಣದ ಸದ್ದು ಸೇರಿಸುತ್ತದೆ. ಏಪ್ರಿಲ್, ಮೇ ಸಿಡಿಲಿನ ತಿಂಗಳು, ಕೆಲಸ ಮುಗಿದ ಕೂಡಲೇ ಪ್ಲಗ್ ಎಳೆದಿಡಿ.

ತಕಧಿಮಿ (ವಿರಾಜಪೇಟೆ)

ಎಲ್ಲರೂ ಯಂತ್ರದ ಮಾತು ಆಡಿದ್ದೀರಿ. ಈ ಸಂಗೀತಕ್ಕೆ ಯಂತ್ರ ಯಾಕೆ ಅಷ್ಟು ಸರಿ ಇರಬೇಕು ಅನ್ನುವುದನ್ನು ನಾನು ಹೇಳುತ್ತೇನೆ, ಯಾಕಂದರೆ ಕ್ಯಾಸೆಟ್ ಮಂಕಾದರೆ ಫಂಕ್ ಮೊದಲು ಸಾಯುತ್ತದೆ. ಭಾವಗೀತೆಯಾದರೆ ಮಂಕಾದರೂ ಮಾಧುರ್ಯ ಉಳಿದೀತು. ಫಂಕ್ ನಿಂತಿರುವುದೇ ಹೈ-ಹ್ಯಾಟ್ ತಟ್ಟೆಯ ಚಿಕಿಚಿಕಿ, ಕ್ಲಾವಿನೆಟ್ಟಿನ (ತಂತಿಯಿರುವ ವಿದ್ಯುತ್ ಕೀಬೋರ್ಡ್) ಚುರುಕು ಏಟು, ಬೇಸಿನ ನಿಲುಗಡೆ ಇವುಗಳ ನಡುವಿನ ಜಾಗದ ಮೇಲೆ.

ಟೇಪ್ ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ಅಂದರೆ 10,000 ಹರ್ಟ್ಸ್ ಸದ್ದಿನ ಒಂದು ಅಲೆ ಟೇಪಿನ ಮೇಲೆ 4.76 ಮೈಕ್ರಾನ್ ಮಾತ್ರ. ಹೆಡ್ಡಿನ ಸೀಳು ಕೂದಲೆಳೆಯಷ್ಟು ಓರೆಯಾದರೂ ಆ ಅಲೆ ಅಳಿಸಿಹೋಗುತ್ತದೆ, ತಗ್ಗು ಸ್ವರಗಳು ಮಾತ್ರ ಉಳಿಯುತ್ತವೆ. ಸೀಳಿನ ಈ ಕೋನಕ್ಕೆ ಅಜಿಮತ್ ಅನ್ನುತ್ತಾರೆ. ಬೇರೆ ಬೇರೆ ಡೆಕ್ಕುಗಳಲ್ಲಿ ತುಂಬಿಸಿದ ಕ್ಯಾಸೆಟ್‌ಗಳಿಗೆ ಒಂದೊಂದಕ್ಕೂ ಬೇರೆ ಬೇರೆ ತಿದ್ದುಪಡಿ ಬೇಕಾಗುತ್ತದೆ.

ತಿದ್ದುವುದು ಹೀಗೆ. ಹೆಡ್ಡಿನ ಎರಡು ಬದಿ ಸ್ಕ್ರೂಗಳಲ್ಲಿ ಕೆಳಗೆ ಸ್ಪ್ರಿಂಗ್ ಇರುವುದು ಅಜಿಮತ್ ಸ್ಕ್ರೂ, ಸಾಮಾನ್ಯವಾಗಿ ಬಣ್ಣ ಹಚ್ಚಿ ಮುಚ್ಚಿರುತ್ತಾರೆ. ಈಗಿರುವ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ. ಡೋಲ್ಬಿ (ಟೇಪಿನ ‘ಸ್ಸ್’ ಸದ್ದು ತಗ್ಗಿಸುವ ಗುಂಡಿ) ಆಫ್ ಮಾಡಿ. ಎಡ ಬಲ ಎರಡನ್ನೂ ಸೇರಿಸಿ ಮೋನೋದಲ್ಲಿ ಕೇಳಿ, ಮೋನೋದಲ್ಲಿ ತಪ್ಪು ಎದ್ದು ಕಾಣುತ್ತದೆ. ‘ಹೆಡ್ ಹಂಟರ್ಸ್’ನ ‘ಕಮೀಲಿಯನ್’ ಹಾಕಿ, ಹಾರ್ವಿ ಮೇಸನ್ ಅವರ ಹೈ-ಹ್ಯಾಟ್ ಮೇಲೆ ಮಾತ್ರ ಕಿವಿ ಇಡಿ. ಅಯಸ್ಕಾಂತ ಹಿಡಿಯದ ಸ್ಕ್ರೂಡ್ರೈವರಿನಿಂದ ಸುತ್ತಿನ ಎಂಟನೇ ಒಂದು ಭಾಗ ತಿರುಗಿಸಿ, ನಿಲ್ಲಿಸಿ, ಕೇಳಿ. ‘ಶ್ಶ್’ ಅನ್ನುತ್ತಿದ್ದದ್ದು ‘ಚಿಕ್’ ಅನ್ನುವ ಜಾಗ ಒಂದೇ ಇರುತ್ತದೆ, ಅದರ ಆಚೆ ಈಚೆ ಎರಡೂ ಕಡೆ ಮಂಕು. ಡೋಲ್ಬಿ ಗುಂಡಿ ಆಮೇಲಿನ ಮಾತು. ಅಜಿಮತ್ ತಪ್ಪಿದ್ದಾಗ ಡೋಲ್ಬಿ ಆನ್ ಮಾಡಿದರೆ ಮಂಕು ಇಮ್ಮಡಿಯಾಗುತ್ತದೆ. ಡೋಲ್ಬಿಯಲ್ಲಿ ತುಂಬಿಸಿದ್ದನ್ನು ಡೋಲ್ಬಿ ಇಲ್ಲದೆ ಕೇಳಿದರೆ ಚುರುಕು ಅತಿಯಾಗುತ್ತದೆ. ಲೇಬಲ್ಲಿನ ಮೇಲಿನ ಗುರುತು ನೋಡಿ ತೀರ್ಮಾನಿಸಿ.

ಆಮೇಲೆ ವೇಗ. ‘ಕಮೀಲಿಯನ್’ ಎಲ್‌ಪಿಯಲ್ಲಿ 15 ನಿಮಿಷ 41 ಸೆಕೆಂಡ್. ನಿಮ್ಮ ಡೆಕ್ಕಿನಲ್ಲಿ 15 ನಿಮಿಷ 13 ಸೆಕೆಂಡಿಗೆ ಮುಗಿದರೆ ಶೇ. 3ರಷ್ಟು ಜೋರಾಗಿ ಓಡುತ್ತಿದೆ, ಅಂದರೆ ಶ್ರುತಿ ಅರ್ಧ ಸ್ವರಸ್ಥಾನ ಏರಿದೆ. ಗಡಿಯಾರ ಬೇಡ ಅಂದರೆ ಶ್ರುತಿಪೆಟ್ಟಿಗೆ ಸಾಕು. ಆ ಕೃತಿ ನಿಂತಿರುವುದು ಬಿ ಫ್ಲ್ಯಾಟಿನಲ್ಲಿ, ನಮ್ಮ ಆರೂವರೆ ಶ್ರುತಿ. ಪೆಟ್ಟಿಗೆ ಆರೂವರೆಗೆ ಇಟ್ಟು ಜೊತೆಗೆ ನುಡಿಸಿ. ಶ್ರುತಿ ಸೇರದೆ ಕಾದಾಡಿದರೆ ಮೋಟರಿನ ಹಿಂಬದಿ ತೂತಿನೊಳಗಿನ ಪುಟ್ಟ ಸ್ಕ್ರೂ ತಿರುಗಿಸಿ ಕೂಡಿಸಿ. ತುಂಬಿಸಿದ ಡೆಕ್ಕಿನ ತಪ್ಪೂ ಇದರಲ್ಲೇ ಸೇರಿರುತ್ತದೆ, ಹಾಗಾಗಿ ಇದು ಆ ಒಂದು ಕ್ಯಾಸೆಟ್ಟಿಗೆ ಮಾತ್ರ ಸರಿ. ಡೆಕ್ಕನ್ನೇ ಸರಿ ಮಾಡಬೇಕಾದರೆ 3,000 ಹರ್ಟ್ಸಿನ ಟೆಸ್ಟ್ ಟೇಪ್ ಬೇಕು.

ಅಂದಹಾಗೆ ‘ಹೆಡ್ ಹಂಟರ್ಸ್’ 1973ರದ್ದು. ನಾಲ್ಕೇ ಕೃತಿ, ಒಟ್ಟು ಸುಮಾರು 42 ನಿಮಿಷ. ಸಿ-90ರ ಒಂದು ಬದಿ 45 ನಿಮಿಷ, ಇಡೀ ಆಲ್ಬಮ್ ಕತ್ತರಿಯಿಲ್ಲದೆ ಕೂರುತ್ತದೆ. ಸಿ-60ರಲ್ಲಾದರೆ ಎಲ್‌ಪಿಯ ಒಂದೊಂದು ಬದಿ ಕ್ಯಾಸೆಟ್ಟಿನ 30 ನಿಮಿಷದ ಒಂದೊಂದು ಬದಿಗೆ ಕೂರುತ್ತದೆ, ಯಾವ ಕೃತಿಯೂ ತುಂಡಾಗಬೇಕಿಲ್ಲ.

ರೊಬಸ್ಟಾ (ಪೊನ್ನಂಪೇಟೆ)

ಆ ‘ಕಮೀಲಿಯನ್’ ಶುರುವಿನ ದಪ್ಪ ಸದ್ದು ಬೇಸ್ ಗಿಟಾರ್ ತಾನೆ? ಹೆಡ್‌ಫೋನಿನಲ್ಲಿ ಕೇಳಿದರೆ ಬೇರೆ ಏನೋ ಅನ್ನಿಸುತ್ತದೆ.

ತಕಧಿಮಿ (ವಿರಾಜಪೇಟೆ)

ನಿಮ್ಮ ಕಿವಿ ಸರಿಯಾಗಿದೆ ಅಣ್ಣ. ಅದು ಎಆರ್‌ಪಿ ಒಡಿಸ್ಸಿ ಅನ್ನುವ ಸಿಂಥಸೈಜರ್, ನುಡಿಸಿದ್ದು ಹ್ಯಾನ್‌ಕಾಕ್ ಅವರೇ. ಬೇಸ್ ಗಿಟಾರ್ ಪಾಲ್ ಜ್ಯಾಕ್ಸನ್ ಅವರದ್ದು. ಬೇಸ್ ಬಿಟ್ಟರೆ ಇಡೀ ಆಲ್ಬಮಿನಲ್ಲಿ ಗಿಟಾರ್ ವಾದಕರೇ ಇಲ್ಲ. ಗಿಟಾರಿನಂತೆ ಚಕ್ ಚಕ್ ಅನ್ನುವುದು ಬಹುತೇಕ ಕ್ಲಾವಿನೆಟ್. ಅದರ ಕೀಲಿ ಒತ್ತಿದರೆ ರಬ್ಬರ್ ತುದಿ ತಂತಿಯನ್ನು ಲೋಹದ ಅಂಚಿಗೆ ಬಡಿಯುತ್ತದೆ, ಗಿಟಾರಿನಲ್ಲಿರುವಂಥದೇ ಪಿಕಪ್ ಆ ಸದ್ದು ಹಿಡಿಯುತ್ತದೆ. ಎರಡನೇ ಕೃತಿ ‘ವಾಟರ್‌ಮೆಲನ್ ಮ್ಯಾನ್’ ಶುರುವಿನಲ್ಲಿ ಕೊಳಲಿನಂತೆ ಕೇಳುವುದು ಬಿಲ್ ಸಮರ್ಸ್ ಬಿಯರ್ ಬಾಟಲಿಗೆ ಊದಿದ್ದು, ಮಧ್ಯ ಆಫ್ರಿಕಾದ ಒಂದೇ ಸ್ವರದ ಕೊಳಲಿನ ರೀತಿಯಲ್ಲಿ.

ಕೇಳುವ ಕ್ರಮವನ್ನೂ ಹೇಳಿಬಿಡುತ್ತೇನೆ. ನಾಲ್ಕು ಎಣಿಕೆ, ಪ್ರತಿ ಎಣಿಕೆಗೆ ಒಂದು ‘ತಕಧಿಮಿ’. ಒಟ್ಟು ಹದಿನಾರು ಅಕ್ಷರ. ತೊಡೆಯ ಮೇಲೆ ತಾಳ ಹಾಕುತ್ತ ಬಾಯಲ್ಲಿ ಹದಿನಾರನ್ನೂ ಹೇಳಿ. ಡ್ರಮ್ಮಿನ ದೊಡ್ಡ ಪೆಟ್ಟುಗಳು ಕೆಲವೇ ಅಕ್ಷರಕ್ಕೆ ಬೀಳುತ್ತವೆ. ಉಳಿದ ಅಕ್ಷರಗಳಲ್ಲಿ ಕೇಳಿಯೂ ಕೇಳದಂಥ ಪುಟ್ಟ ತಟ್ಟುಗಳಿವೆ. ಮೃದಂಗದವರು ಗುಮ್ಕಿಯ ನಡುವೆ ಬೆರಳಾಡಿಸುವಂತೆಯೇ. ಆ ಪುಟ್ಟ ತಟ್ಟು ಕೇಳಿಸಿದರೆ ನಿಮ್ಮ ಅಜಿಮತ್ ಸರಿಯಾಗಿದೆ. ಮದುವೆ ಮನೆಯ ವಾಲಗಕ್ಕೆ ತಾನಾಗಿ ಏಳುವ ಕಾಲು ಈ ಬೇಸಿಗೂ ಏಳುತ್ತದೆ, ಅದನ್ನು ಕಲಿಸಬೇಕಿಲ್ಲ.

ಮಹಾವಿಷ್ಣುವಿನ ‘ಬರ್ಡ್ಸ್ ಆಫ್ ಫೈರ್’ಗೆ ಮಾತ್ರ ನಾಲ್ಕರ ಲೆಕ್ಕ ಹಿಡಿಯಬೇಡಿ. ಅದರ ಆವರ್ತ 18 ಮಾತ್ರೆ.

ಶಾರ್ಟ್‌ವೇವ್ (ಸೋಮವಾರಪೇಟೆ)

ಆ ಎರಡು ರೇಡಿಯೊ ಕ್ಯಾಸೆಟ್‌ಗಳನ್ನು ಬೇರೆ ಲೆಕ್ಕದಲ್ಲಿ ನೋಡಿ. 31 ಮೀಟರ್ ಅಂದರೆ ಸುಮಾರು 9.4ರಿಂದ 9.9 ಮೆಗಾಹರ್ಟ್ಸ್. ವಾಯ್ಸ್ ಆಫ್ ಅಮೆರಿಕದಲ್ಲಿ ವಿಲ್ಲಿಸ್ ಕೊನೊವರ್ ಅವರ ಜಾಝ್ ಕಾರ್ಯಕ್ರಮ 1955ರಿಂದ ದಶಕಗಳ ಕಾಲ ಬಂತು. ಡ್ಯೂಕ್ ಎಲಿಂಗ್ಟನ್ ತಂಡದ ‘ಟೇಕ್ ದಿ ಎ ಟ್ರೇನ್’ ಅದರ ಗುರುತಿನ ಧ್ವನಿ, ನಿಧಾನವಾಗಿ ಬಿಡಿಸಿ ಹೇಳುವ ಗಂಭೀರ ಕಂಠ. ಇವು ಕೇಳಿಸಿದರೆ ಕ್ಯಾಸೆಟ್ ಅದರದ್ದೇ.

ಶಾರ್ಟ್‌ವೇವಿನಲ್ಲಿ ಸುಮಾರು 5,000 ಹರ್ಟ್ಸಿನ ಮೇಲೆ ಸಂಗೀತವೇ ಇರುವುದಿಲ್ಲ. ಹಾಗಾಗಿ ತಕಧಿಮಿಯವರು ಹೇಳಿದ ಹೈ-ಹ್ಯಾಟ್ ಹುಡುಕುತ್ತ ಸ್ಕ್ರೂ ತಿರುಗಿಸಬೇಡಿ, ಸಿಗುವುದಿಲ್ಲ. ಸಣ್ಣಗೆ ಒಂದೇ ಸಮನೆ ಶಿಳ್ಳೆ ಇದ್ದರೆ ಅದು ಪಕ್ಕದ ಸ್ಟೇಷನ್ನಿನ ತರಂಗದ ಜೊತೆಗಿನ ತಿಕ್ಕಾಟ. ಸ್ಟೇಷನ್ನುಗಳ ನಡುವಿನ ಅಂತರ 5 ಕಿಲೋಹರ್ಟ್ಸ್, ಹಾಗಾಗಿ ಶಿಳ್ಳೆಯೂ 5,000 ಹರ್ಟ್ಸಿನ ಆಸುಪಾಸು. ಕಂಪ್ಯೂಟರಿಗೆ ಹಾಕಿದ ಮೇಲೆ ಆ ಒಂದು ಜಾಗಕ್ಕೆ ಕಿರಿದಾದ ನಾಚ್ ಫಿಲ್ಟರ್ ಹಾಕಿದರೆ ಹೋಗುತ್ತದೆ. ಏರಿ ಇಳಿಯುವ ಅಲೆಯಾಟವನ್ನು ತಿದ್ದಬೇಡಿ. ಅಯಾನುಮಂಡಲದಿಂದ ಬಂದ ಆ ಏರಿಳಿತವೇ ಅದರ ಚಂದ.

ಹಾರಂಗಿ (ಕುಶಾಲನಗರ)

ಎಲ್‌ಪಿ ಬಗ್ಗೆ ಚುಟುಕಾಗಿ. ಡಿಸ್ಟಿಲ್ಡ್ ವಾಟರ್ 800 ಮಿಲಿ, ಶೇ. 99ರ ಐಸೊಪ್ರೊಪೈಲ್ 200 ಮಿಲಿ, ಪರಿಮಳವಿಲ್ಲದ ಪಾತ್ರೆ ಸೋಪು ಮೂರು ಹನಿ. ಪೆಟ್ರೋಲ್ ಬಂಕಿನ ಬ್ಯಾಟರಿ ವಾಟರ್ ಆಗುತ್ತದೆ, ಆದರೆ ಅದೇ ಕಪಾಟಿನ ಬ್ಯಾಟರಿ ಆ್ಯಸಿಡ್ ಬಾಟಲಿ ಅಲ್ಲವೆಂದು ಎರಡು ಸಲ ಓದಿ. ಬಾವಿ ನೀರು, ನಲ್ಲಿ ನೀರು ಬೇಡ, ಒಣಗಿದ ಮೇಲೆ ಉಪ್ಪು ಉಳಿಯುತ್ತದೆ. ಮೈಕ್ರೋಫೈಬರ್ ಬಟ್ಟೆಯಲ್ಲಿ ಗೆರೆಯ ಗುಂಟ ಸುತ್ತು ಸುತ್ತಾಗಿ ಒರೆಸಿ, ಅಡ್ಡಡ್ಡ ಅಲ್ಲ. ಲೇಬಲ್ ಒದ್ದೆಯಾಗಬಾರದು. ಕೊನೆಗೆ ಬರಿ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ. ಟ್ರಂಕಿನಲ್ಲಿ 78 ಆರ್‌ಪಿಎಂನ ಅರಗಿನ ತಟ್ಟೆ ಇದ್ದರೆ ಈ ಮಿಶ್ರಣ ಮುಟ್ಟಿಸಬೇಡಿ, ಆಲ್ಕೊಹಾಲಿಗೆ ಅರಗು ಕರಗುತ್ತದೆ.

ಬೂಷ್ಟು ಹಿಡಿದ ಒಳಲಕೋಟೆ ಎಸೆದು ಹೊಸ ಪಾಲಿಥೀನ್ ಒಳಚೀಲ ಹಾಕಿ, ಪಿವಿಸಿಯದ್ದು ಬೇಡ. ನಿಲ್ಲಿಸಿಯೇ ಇಡಿ. ವಿದೇಶದಿಂದ ತಂದ ಟರ್ನ್‌ಟೇಬಲ್ ಆದರೆ ಮೋಟರ್ 60 ಹರ್ಟ್ಸಿನದ್ದೋ ಎಂದು ನೋಡಿ. ನಮ್ಮ 50 ಹರ್ಟ್ಸಿನಲ್ಲಿ ಆ ಎಸಿ ಮೋಟರ್ ಆರನೇ ಒಂದು ಭಾಗ ನಿಧಾನವಾಗಿ ತಿರುಗುತ್ತದೆ, ಸ್ಟೆಬಿಲೈಜರ್ ಹಾಕಿದರೂ ಸರಿಹೋಗುವುದಿಲ್ಲ. 50 ಹರ್ಟ್ಸಿನ ಪುಲ್ಲಿ ಬೇಕು.

ಬೆಸುಗೆಕಡ್ಡಿ (ಮಡಿಕೇರಿ)

ಕಂಪ್ಯೂಟರಿಗೆ ಹಾಕುವಾಗ: ಡೆಕ್ಕಿನ ಲೈನ್ ಔಟಿನಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸಿಗೆ. ಹೆಡ್‌ಫೋನ್ ತೂತಿನಿಂದ ಬೇಡ. ಕ್ಯಾಸೆಟ್‌ಗೆ 24 ಬಿಟ್, 48 ಕಿಲೋಹರ್ಟ್ಸ್ ಧಾರಾಳ ಸಾಕು. ಅತಿ ಜೋರಿನ ಜಾಗ ಮೈನಸ್ 6 ಡೆಸಿಬೆಲ್ ದಾಟದಂತೆ ಇಡಿ, ಫಂಕ್ ಡ್ರಮ್ಮಿನ ಪೆಟ್ಟು ಥಟ್ಟನೆ ಮೇಲೇರುತ್ತದೆ. 40 ಸಿ-90 ಅಂದರೆ 60 ಗಂಟೆ, ಸುಮಾರು 62 ಜಿಬಿ. ಫ್ಲಾಕ್ (ಗುಣ ಕೆಡದಂತೆ ಕುಗ್ಗಿಸಿದ ಫೈಲ್) ಮಾಡಿದರೆ ಇನ್ನೂ ಕಡಿಮೆ. ದಿನಕ್ಕೆ ಎರಡು ಗಂಟೆಯಂತೆ ಒಂದು ತಿಂಗಳ ಕೆಲಸ. ಹಮ್ ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಎಳೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ, ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ.

ಮೊದಲ ಪ್ರತಿಯಲ್ಲಿ ಹಿಸ್ (ಟೇಪಿನದೇ ‘ಸ್ಸ್’ ಸದ್ದು) ತೆಗೆಯುವ ಫಿಲ್ಟರ್ ಹಾಕಬೇಡಿ. ಹಿಸ್ ಜೊತೆ ಹೈ-ಹ್ಯಾಟಿನ ಬಾಲವೂ ಹೋಗುತ್ತದೆ. ಮೂಲ ಪ್ರತಿ ಹಾಗೇ ಇಟ್ಟುಕೊಂಡು ಆಟವೆಲ್ಲ ನಕಲಿನ ಮೇಲೆ.

ತಕಧಿಮಿ (ವಿರಾಜಪೇಟೆ)

ಟ್ರಂಕಿನಲ್ಲಿ ‘ಜ್ಯೋತಿ’ ಎಂಬ ಹೆಸರಿನ ಎಲ್‌ಪಿ ಇದೆಯೇ ನೋಡಿ. 1983ರದ್ದು, ಇಸಿಎಂ ಕಂಪನಿಯದ್ದು. ಸ್ಯಾಕ್ಸೊಫೋನಿನ ಚಾರ್ಲಿ ಮರಿಯಾನೊ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಗಾಯಕಿ ಆರ್.ಎ. ರಮಾಮಣಿ, ಮೃದಂಗ ಟಿ.ಎ.ಎಸ್. ಮಣಿ. ಫಂಕ್ ಅಲ್ಲ, ಆದರೆ ಈ ಟ್ರಂಕಿಗೆ ಒಪ್ಪುವ ನೆಂಟ. ಅದನ್ನು ತೊಳೆಯುವಾಗ ಹೆಚ್ಚಿನ ಎಚ್ಚರ ಇರಲಿ. ಮೌನ ಜಾಸ್ತಿ ಇರುವ ತಟ್ಟೆ, ಒಂದೊಂದು ಚಟಪಟವೂ ಕೇಳಿಸುತ್ತದೆ.

ಕಕ್ಕಡಮಳೆ (ಸಿದ್ದಾಪುರ)

ಲೆಕ್ಕ ಒಪ್ಪಿಸುತ್ತಿದ್ದೇನೆ. ಡಬ್ಬಿಯಲ್ಲಿ ಶೇ. 82 ಇದ್ದದ್ದು ಎಂಟು ದಿನಕ್ಕೆ 46ಕ್ಕೆ ಬಂತು. 40ರಲ್ಲಿ 36 ಕ್ಯಾಸೆಟ್ ಶುಚಿಯಾಗಿ ಓಡುತ್ತಿವೆ, ಮೂರಕ್ಕೆ ಸ್ಪ್ಲೈಸ್ ಬಿತ್ತು, ಒಂದರ ಲೇಪವೇ ಕಿತ್ತುಬಂದಿದೆ. ಬೆಲ್ಟ್ ಹೊಸದು. ‘ಕಮೀಲಿಯನ್’ 15 ನಿಮಿಷ 38 ಸೆಕೆಂಡ್, ಶ್ರುತಿಪೆಟ್ಟಿಗೆಗೆ ಕೂಡುತ್ತದೆ. ‘ಜ್ಯೋತಿ’ ಇಲ್ಲ.

ಒಂದು ಪ್ರಶ್ನೆ ಉಳಿದಿದೆ. ‘ಹೆವಿ ವೆದರ್’ ಕ್ಯಾಸೆಟ್ಟಿನಲ್ಲಿ ‘ಬರ್ಡ್‌ಲ್ಯಾಂಡ್’ ಹಿಂದೆ ಇನ್ನೊಂದು ಸಂಗೀತ ಉಲ್ಟಾ ಓಡಿದಂತೆ ಸಣ್ಣಗೆ ಕೇಳುತ್ತದೆ.

ಹಾರಂಗಿ (ಕುಶಾಲನಗರ)

ಅದು ಬಿ ಬದಿಯ ಸಂಗೀತ ಅಕ್ಕ. ಟೇಪಿನ ಅಗಲದಲ್ಲಿ ಅರ್ಧ ಎ ಬದಿ, ಅರ್ಧ ಬಿ ಬದಿ, ಬಿ ಹಿಂದುಮುಂದಾಗಿ ಇರುತ್ತದೆ. ಟೇಪ್ ಸ್ವಲ್ಪ ಮೇಲೆ ಅಥವಾ ಕೆಳಗೆ ಓಡಿದರೆ ಹೆಡ್ ಪಕ್ಕದ ಪಟ್ಟಿಯನ್ನೂ ಓದುತ್ತದೆ. ಅಜಿಮತ್ ಸ್ಕ್ರೂ ಮುಟ್ಟಬೇಡಿ, ಅದರ ತಪ್ಪಲ್ಲ. ಬೇರೆ ಕ್ಯಾಸೆಟ್‌ಗಳಲ್ಲಿ ಇಲ್ಲ ಅಂದರೆ ಡೆಕ್ ಸರಿಯಾಗಿದೆ. ಕವಚದ ಎರಡು ಅರ್ಧ ಸರಿಯಾಗಿ ಕೂತಿಲ್ಲ, ಅಥವಾ ಮೂಲೆಯ ರೋಲರ್ ಪಿನ್ನಿನಿಂದ ಎದ್ದಿದೆ. ಐದೂ ಸ್ಕ್ರೂ ಸಡಿಲಿಸಿ, ರೋಲರ್ ಒತ್ತಿ ಕೂರಿಸಿ, ಮೊದಲು ಮಧ್ಯದ ಸ್ಕ್ರೂ, ಆಮೇಲೆ ಎದುರುಬದುರು ಮೂಲೆಗಳನ್ನು ಹಗುರವಾಗಿ ಬಿಗಿ ಮಾಡಿ. ಆಮೇಲೂ ಕೇಳಿದರೆ ತುಂಬಿಸಿದ ಡೆಕ್ಕಿನ ಹೆಡ್ಡೇ ಎತ್ತರ ತಪ್ಪಿತ್ತು ಅಂತ. ಎಲ್‌ಪಿ ಕೈಯಲ್ಲೇ ಇದ್ದರೆ ಅದರಿಂದಲೇ ಹೊಸದಾಗಿ ತುಂಬಿಸಿ.